ಅನುಗ್ರಹ, ತಗಾವಿ, ಸಮ್ಮಾನ

ಬೇಸಾಯಗಾರನ ಕೈಗೆ ಸರ್ಕಾರದ ಹಣ ತಲುಪುವುದು ನಮ್ಮ ಕಾಲದ ಹೊಸ ಪದ್ಧತಿಯೆಂದು ಹಲವರು ಭಾವಿಸಿದ್ದಾರೆ. ಅದು ಹಾಗಲ್ಲ. ಒಕ್ಕಲುಗಳಿಗೆ ಧಾನ್ಯ, ದನ, ಹಣಗಳನ್ನಿತ್ತು ಅರಸನು ಅನುಗ್ರಹಿಸಬೇಕು, ಅವರು ಅದನ್ನು ಅನುಕೂಲವಾದಾಗ ಹಿಂದಿರುಗಿಸಬೇಕು ಎಂದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ವಿಧಿಸಿದೆ. ಕೊಟ್ಟದ್ದು ಬೊಕ್ಕಸವನ್ನು ಬರಿದುಮಾಡಬಾರದೆಂಬ ಎಚ್ಚರಿಕೆಯೂ ಅಲ್ಲಿಯೇ ಇದೆ.

ಮುಂದೆ ಪಾರಸಿ ಆಡಳಿತ ಭಾಷೆಯ ಮೂಲಕ ‘ತಗಾವಿ’ ಎಂಬ ಶಬ್ದ ನಮ್ಮಲ್ಲಿಗೆ ಬಂದಿತು. ಅರಬ್ಬಿ ಮೂಲದಲ್ಲಿ ಅದರ ಅರ್ಥ ಬಲಪಡಿಸುವುದು. ಬಿತ್ತನೆ ಬೀಜಕ್ಕೆ, ಎತ್ತಿಗೆ, ಬಾವಿಗೆ ಸರ್ಕಾರ ಕೊಡುತ್ತಿದ್ದ ಸಾಲವದು. ಬ್ರಿಟಿಷ್ ಆಡಳಿತದ ಪ್ರಾಂತಗಳಲ್ಲಿ 1883 ಮತ್ತು 1884ರ ಕಾಯಿದೆಗಳು ಅದಕ್ಕೆ ಕಟ್ಟುಪಾಡು ಹಾಕಿದವು. ಬಾಕಿ ಉಳಿದರೆ ಕಂದಾಯದ ಬಾಕಿಯಂತೆಯೇ ವಸೂಲಿ. ಆದ್ದರಿಂದ ಸಾಲ ಬೇಡುವವನಿಗೆ ನೆಲದ ಆಧಾರ ಬೇಕಾಗುತ್ತಿತ್ತು.

ಇನ್ನು ಬೀದರ ಸೀಮೆ. ಇದು ನಿಜಾಮರ ರಾಜ್ಯಕ್ಕೆ ಸೇರಿತ್ತು. ಅಲ್ಲಿಯ 1317ನೆಯ ಫಸಲಿಯ, ಎಂದರೆ 1907–08ರ, ಭೂಕಂದಾಯ ಕಾಯಿದೆಯು ಸರ್ಕಾರಕ್ಕೆ ಕಂದಾಯ ಕೊಡುವವನನ್ನು ಪಟ್ಟೇದಾರನೆಂದೂ ಅವನಿಂದ ನೆಲವನ್ನು ಗೇಣಿಗೆ ಪಡೆದವನನ್ನು ಆಸಾಮಿ ಶಿಕ್ಮಿಯೆಂದೂ ಕರೆಯಿತು. ಉಳುವವನಿಗೆ ಹೆಸರಿತ್ತು, ಆದರೆ ಅದು ಇನ್ನೊಬ್ಬನ ಹೆಸರಿನ ಕೆಳಗಿತ್ತು.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರಿಗೆ ಬಂದವು. ಉದಗೀರ, ನಿಲಂಗಾಗಳು ಮುಂಬಯಿಗೂ ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೂ ಹೋದವು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ನಮ್ಮಲ್ಲಿ ಗೇಣಿಯನ್ನೇ ನಿಷೇಧಿಸಿತು. ಎಷ್ಟೋ ಗೇಣಿದಾರರು ಅದರಿಂದ ಒಡೆಯರಾದರು. ಅದು ದೊಡ್ಡ ಕೆಲಸವೇ ಸರಿ. ಆದರೆ ಪಾಲಿಗೆ ಮಾಡುವ ರೂಢಿ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಪಹಣಿಯಲ್ಲಿ ಸಾಗುವಳಿದಾರನಿಗೆಂದು ಬೇರೆ ಅಂಕಣವಿದ್ದರೂ, ಪರರ ಹೆಸರು ಅಲ್ಲಿ ಕೂಡಿದರೆ ಹೊಲ ಕೈಬಿಟ್ಟೀತೆಂಬ ಅಂಜಿಕೆ ಒಡೆಯನಿಗೆ.

ಈ ಹಿನ್ನೆಲೆಯಲ್ಲಿ 2019ರಲ್ಲಿ ಕೇಂದ್ರದ ಕಿಸಾನ್ ಸಮ್ಮಾನ್ ನಿಧಿ ಬಂದಿತು: ವರ್ಷಕ್ಕೆ 6,000 ರೂಪಾಯಿ, 2,000ದಂತೆ ಮೂರು ಕಂತು, ನೇರವಾಗಿ ಬ್ಯಾಂಕಿನ ಖಾತೆಗೆ. ಇದು ತಗಾವಿಯಂತೆ ಸಾಲವಲ್ಲ; ಹಿಂದಿರುಗಿಸಬೇಕಾಗಿಲ್ಲ. ಕರ್ನಾಟಕ ಸರ್ಕಾರ ಅದೇ ವರ್ಷ 4,000 ರೂಪಾಯಿ ಸೇರಿಸಿತು. 2023ರಲ್ಲಿ ಅದು ನಿಂತಿತು. ಅದೇ 2023ರಲ್ಲಿ ಮಹಾರಾಷ್ಟ್ರ ತನ್ನ ಕಡೆಯಿಂದ 6,000 ಕೂಡಿಸಿತು. ತೆಲಂಗಾಣವಾದರೋ 2018ರಲ್ಲಿಯೇ ಎಕರೆಯ ಲೆಕ್ಕದಲ್ಲಿ ಹಣ ಕೊಡತೊಡಗಿತ್ತು. ಹೀಗೆ ಒಂದು ಕಾಲಕ್ಕೆ ಒಂದೇ ಜಿಲ್ಲೆಯಾಗಿದ್ದ ನೆಲದಲ್ಲಿ ಮೂರು ಬಗೆಯ ಲೆಕ್ಕಗಳಾದವು. ಮೊತ್ತ ಬೇರೆಯಾದರೂ ಒಂದು ಅಂಶದಲ್ಲಿ ಮೂರೂ ಒಂದೇ: ದಾಖಲೆಯಲ್ಲಿ ನೆಲ ಯಾರ ಹೆಸರಿನಲ್ಲಿದೆಯೋ ಹಣ ಅವರಿಗೆ.

ಭಾಲ್ಕಿ ತಾಲೂಕಿನ ಗಡಿಭಾಗದ ಮೆಹಕರದಂಥ ಊರನ್ನು ನೆನೆಯಿರಿ. ಪಟ್ಟಣ ಸೇರಿದ ಒಡೆಯನ ಹೊಲವನ್ನು ಪಾಲಿಗೆ ಹಿಡಿದವನು ಮೃಗಶಿರೆಯ ಮಳೆಗೆ ತೊಗರಿ, ಉದ್ದು ಬಿತ್ತುತ್ತಾನೆ. ಗಂಡನ ಹೆಸರಿನ ಹೊಲದಲ್ಲಿ ದಿನವಿಡೀ ಕಳೆ ತೆಗೆಯುವವಳು ಹೆಂಡತಿ. ಕಂತಿನ ಹಣ ಬಂದಾಗ ಇವರಿಬ್ಬರ ಹೆಸರೂ ಪಟ್ಟಿಯಲ್ಲಿರುವುದಿಲ್ಲ. ಮಳೆ ಕೈಕೊಟ್ಟು ಬೆಳೆ ಪರಿಹಾರ ಬಂದಾಗಲೂ ಅಷ್ಟೆ.

ದಾರಿ ಇಲ್ಲವೆಂದಲ್ಲ. ಒಡೆಯನ ಹಕ್ಕಿಗೆ ಚ್ಯುತಿ ಬಾರದಂತೆ ಗೇಣಿಯನ್ನು ಬರೆದಿಡುವ ಮಾದರಿ ಕಾನೂನೊಂದನ್ನು ನೀತಿ ಆಯೋಗ 2016ರಲ್ಲಿಯೇ ರಾಜ್ಯಗಳ ಮುಂದಿಟ್ಟಿತು. ಸಾಲಕ್ಕೂ ಪರಿಹಾರಕ್ಕೂ ಆಧಾರವಾಗಬಲ್ಲ ಒಂದು ಹಾಳೆ ಉಳುವವನ ಕೈಯಲ್ಲಿರಲಿ ಎಂಬುದು ಅದರ ತಾತ್ಪರ್ಯ. ಅನುಗ್ರಹವೆಂದವರು ಅರಸರು, ತಗಾವಿಯೆಂದವರು ನವಾಬರು. ನಾವು ಸಮ್ಮಾನವೆಂದು ಕರೆದಿದ್ದೇವೆ. ಹಾಗೆ ಕರೆದ ಮೇಲೆ, ಬಿತ್ತಿದವರು ಯಾರೆಂದು ಕೇಳಿ ಬರೆದುಕೊಳ್ಳುವ ಹೊಣೆಯೂ ನಮ್ಮ ಮೇಲಿದೆ.