ಬಸಿರಿನ ಮೊದಲ ತಿಂಗಳುಗಳು: ಒಂದು ಚಾರಿತ್ರಿಕ ಅವಲೋಕನ



ನಮ್ಮ ಸಮಾಜದಲ್ಲಿ ಗರ್ಭಿಣಿಗೆ ಸಲ್ಲುವ ಗೌರವ ಅಲ್ಪವಾದುದಲ್ಲ. ಐದನೆಯ ಅಥವಾ ಏಳನೆಯ ತಿಂಗಳಿನಲ್ಲಿ ಕುಬಸ ಮಾಡುತ್ತೇವೆ. ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬಿ ಹರಸುತ್ತೇವೆ. ಎಂಟನೆಯ ತಿಂಗಳಿನಲ್ಲಿ ಗರ್ಭಸ್ಥ ಶಿಶುವಿಗೆ ಲಿಂಗಸಂಸ್ಕಾರ ನೀಡುವ ಪದ್ಧತಿ ನಮ್ಮಲ್ಲಿದೆ. ಇನ್ನೂ ಬೆಳಕು ಕಾಣದ ಜೀವವನ್ನು ಭಕ್ತನೆಂದು ಭಾವಿಸುವ ಈ ಸಂಸ್ಕಾರದ ಹಿರಿಮೆಯನ್ನು ತಮಗೆ ವಿವರಿಸಬೇಕಾಗಿಲ್ಲ.

ಆದರೆ ಒಂದು ಪ್ರಶ್ನೆಯನ್ನು ತಮ್ಮ ಮುಂದಿಡಬಯಸುತ್ತೇನೆ. ಈ ಆದರವೆಲ್ಲವೂ ಹೊಟ್ಟೆ ಕಾಣಿಸತೊಡಗಿದ ಮೇಲಿನದು. ಅದಕ್ಕೂ ಮೊದಲಿನ ಮೂರು ತಿಂಗಳುಗಳಲ್ಲಿ, ಬಸಿರು ಯಾರ ಕಣ್ಣಿಗೂ ಬೀಳದಿರುವಾಗ, ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳಸಿ, ಗೋಡೆಗೊರಗಿ ಕುಳಿತ ಹೆಣ್ಣುಮಗಳಿಗೆ ನಾವು ಏನು ಕೊಡುತ್ತೇವೆ? “ನಾವೂ ಹಡೆದವರೇ, ಇದೇನು ಹೊಸದೇ?” ಎಂಬ ಮಾತು ಎಷ್ಟು ಮನೆಗಳಲ್ಲಿ ಕೇಳಿಬರುವುದಿಲ್ಲ! ಇತಿಹಾಸವನ್ನು ತೆರೆದು ನೋಡಿದರೆ, ಈ ಮೊದಲ ತಿಂಗಳುಗಳೇ ಅತ್ಯಂತ ಎಚ್ಚರವನ್ನು ಬೇಡುವವೆಂಬುದು ಮನದಟ್ಟಾಗುತ್ತದೆ.

ನಮ್ಮ ಪ್ರಾಚೀನ ವೈದ್ಯರು ಇದನ್ನು ಅರಿಯದವರಲ್ಲ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಗರ್ಭಿಣಿಯ ಆಹಾರಕ್ರಮವನ್ನು ತಿಂಗಳು ತಿಂಗಳಾಗಿ ಹೇಳಲಾಗಿದೆ. ಇಲ್ಲಿ ವಿಶೇಷವಾಗಿ ಗಮನಿಸತಕ್ಕ ಅಂಶವೆಂದರೆ, ಆ ಕ್ರಮವು ಗರ್ಭ ನಿಶ್ಚಿತವಾದ ಮೇಲೆ ಆರಂಭವಾಗುವುದಲ್ಲ; ಗರ್ಭ ನಿಂತಿರಬಹುದೆಂಬ ಸಂಶಯ ಬಂದೊಡನೆಯೇ ತಣ್ಣನೆಯ ಹಾಲನ್ನು ಹಿತಮಿತವಾಗಿ ಕುಡಿಯಬೇಕೆಂದು ವಿಧಿಸಲಾಗಿದೆ. ತುಂಬಿದ ಎಣ್ಣೆಯ ಪಾತ್ರೆಯನ್ನು ತುಳುಕದಂತೆ ಒಯ್ಯುವವರ ಜಾಗರೂಕತೆಯಿಂದ ಗರ್ಭಿಣಿಯನ್ನು ನೋಡಿಕೊಳ್ಳಬೇಕೆಂಬ ಹೋಲಿಕೆಯೂ ಅಲ್ಲಿಯದೇ. ತೀಕ್ಷ್ಣವಾದ ಔಷಧೋಪಚಾರಗಳನ್ನು ಬಿಟ್ಟು ಮೃದುವಾದವುಗಳಿಂದಲೇ ಚಿಕಿತ್ಸೆ ನಡೆಸಬೇಕೆಂಬುದು ಅದರ ಮತ. ಇನ್ನು ಬಯಕೆಯ ಮಾತು. ತಾಯಿ ಮತ್ತು ಶಿಶು ಇಬ್ಬರ ಹೃದಯವೂ ಅವಳಲ್ಲಿ ಇರುವುದರಿಂದ ಅವಳ ಬಯಕೆಯನ್ನು ಕಡೆಗಣಿಸಲಾಗದೆಂದೂ, ಅವಳು ತೀವ್ರವಾಗಿ ಬಯಸಿದ್ದು ಅಹಿತವಾದರೂ ಹಿತವಾದುದರೊಡನೆ ಬೆರೆಸಿ ಕೊಡಬೇಕೆಂದೂ ಚರಕ ಹೇಳುತ್ತದೆ. ಎಷ್ಟು ಮಾನವೀಯವಾದ ಮಾತು!

ಆಧುನಿಕ ಕಾಲದ ಒಂದು ಮಹತ್ತ್ವದ ಸಂಶೋಧನೆಯೂ ನಮ್ಮ ನಾಡಿನ ಬಡ ಬಸುರಿಯರಿಂದಲೇ ಹೊರಟಿತು. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಗೆ ಬಂದರು. ಅಲ್ಲಿಯ ಬಟ್ಟೆ ಗಿರಣಿಗಳ ಗರ್ಭಿಣಿಯರಲ್ಲಿ ಕಾಣುತ್ತಿದ್ದ ತೀವ್ರ ರಕ್ತಹೀನತೆಯ ಕಾರಣವನ್ನು ಹುಡುಕಹೊರಟ ಆ ಮಹಿಳೆ, ಪ್ರಯೋಗಶಾಲೆಯಲ್ಲಷ್ಟೇ ಕೂಡದೆ ಆ ಹೆಂಗಸರು ಏನನ್ನು ಉಣ್ಣುತ್ತಾರೆಂಬುದನ್ನು ವಿಚಾರಿಸಿದರು. ದೋಷ ಇದ್ದುದು ಆಹಾರದ ಕೊರತೆಯಲ್ಲಿ. ಯೀಸ್ಟಿನ ಸಾರದಿಂದ ಆ ರೋಗ ಗುಣವಾಗುವುದೆಂದು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ಜೀವಸತ್ವವನ್ನು 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. 1945ರ ಹೊತ್ತಿಗೆ ಅದನ್ನು ಕೃತಕವಾಗಿ ತಯಾರಿಸಿದ ತಂಡಕ್ಕೆ ಮಾರ್ಗದರ್ಶಕರಾಗಿದ್ದವರು ಆಂಧ್ರದ ಭೀಮವರಂನಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರು.

ಇದೇ ಜೀವಸತ್ವದ ಮತ್ತೊಂದು ಮಹಿಮೆ 1991ರಲ್ಲಿ ಬೆಳಕಿಗೆ ಬಂದಿತು. ಮಿದುಳು ಮತ್ತು ಬೆನ್ನುಹುರಿಯ ದೋಷವುಳ್ಳ ಮಗುವನ್ನು ಹಿಂದೆ ಹೆತ್ತಿದ್ದ ತಾಯಂದಿರು ಗರ್ಭಧರಿಸುವ ಮೊದಲಿನಿಂದಲೇ ಫೋಲಿಕ್ ಆಮ್ಲ ಸೇವಿಸಿದಾಗ, ಆ ದೋಷ ಮರುಕಳಿಸುವ ಸಂಭವ ನೂರಕ್ಕೆ 72ರಷ್ಟು ಇಳಿದುದನ್ನು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿ ಸಿದ್ಧಪಡಿಸಿತು. ಶಿಶುವಿನ ಮಿದುಳು ಬಳ್ಳಿಗಳ ಮೂಲನಾಳವು ಗರ್ಭ ನಿಂತ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಎಷ್ಟೋ ತಾಯಂದಿರಿಗೆ ತಾವು ಬಸುರಿಯೆಂಬುದೇ ತಿಳಿದಿರುವುದಿಲ್ಲ! ಸಂಶಯ ಬಂದೊಡನೆಯೇ ಎಚ್ಚರ ವಹಿಸೆಂದ ಪ್ರಾಚೀನರ ಮಾತಿನ ಬೆಲೆ ಈಗ ತಿಳಿಯದೆ?

ಎಚ್ಚರ ತಪ್ಪಿದಾಗ ಏನಾಗುವುದೆಂಬುದಕ್ಕೂ ಇತಿಹಾಸದಲ್ಲಿ ಕಹಿಯಾದ ನಿದರ್ಶನವಿದೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥ್ಯಾಲಿಡೊಮೈಡ್ ಎಂಬ ನಿದ್ರೆಯ ಮಾತ್ರೆ ಮಾರಾಟಕ್ಕೆ ಬಂದಿತು. ಅದು ಸಂಪೂರ್ಣ ನಿರಪಾಯಕಾರಿಯೆಂದು ಪ್ರಚಾರವಾಗಿ, ಬಸುರಿಯರ ವಾಕರಿಕೆಗೂ ಅನೇಕ ದೇಶಗಳಲ್ಲಿ ಬಳಕೆಯಾಯಿತು. ಗರ್ಭದ ಮೊದಲ ಕೆಲವೇ ವಾರಗಳಲ್ಲಿ ಅದನ್ನು ನುಂಗಿದ ತಾಯಂದಿರಿಗೆ ಕೈಕಾಲುಗಳು ಬೆಳೆಯದ ಮಕ್ಕಳು ಹುಟ್ಟಿದರು. 1961ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಮಾತ್ರೆಯನ್ನು ಹಿಂತೆಗೆದುಕೊಳ್ಳುವ ವೇಳೆಗೆ ಕಾಲ ಮಿಂಚಿತ್ತು. ಜಗತ್ತಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಶಿಶುಗಳು ಅದಕ್ಕೆ ಬಲಿಯಾದುವೆಂದು ಅಂದಾಜು. ಅಮೆರಿಕದಲ್ಲಿ ಮಾತ್ರ ಫ್ರಾನ್ಸಿಸ್ ಕೆಲ್ಸಿ ಎಂಬ ಅಧಿಕಾರಿಣಿ, ಸಾಕಷ್ಟು ಪ್ರಮಾಣಗಳಿಲ್ಲವೆಂದು ಮಾರಾಟಕ್ಕೆ ಅನುಮತಿಯನ್ನೇ ಕೊಡಲಿಲ್ಲ. ಒಬ್ಬ ಹೆಣ್ಣುಮಗಳ ನಿಷ್ಠುರತೆ ಎಷ್ಟು ಮನೆಗಳನ್ನು ಕಾಯಿತು!

ಹಾಗಾದರೆ ವಾಕರಿಕೆಯು ಮನಸ್ಸಿನ ಸೋಗೇ? ಅಲ್ಲ. ಗರ್ಭದಿಂದ ತಾಯಿಯ ರಕ್ತಕ್ಕೆ ಸೇರುವ ಜಿಡಿಎಫ್-15 ಎಂಬ ಹಾರ್ಮೋನು ಇದಕ್ಕೆ ಮುಖ್ಯ ಕಾರಣವೆಂದು 2023ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಮೊದಲೇ ಅದರ ಪ್ರಮಾಣ ಕಡಿಮೆಯಿದ್ದ ಸ್ತ್ರೀಯರು ಹೆಚ್ಚು ಬಳಲುತ್ತಾರೆ. ಆದುದರಿಂದ ಒಬ್ಬಳಿಗೆ ಏನೂ ಆಗದೆ ಮತ್ತೊಬ್ಬಳು ಹಾಸಿಗೆ ಹಿಡಿದರೆ, ಅದು ಅವಳ ಸೋಮಾರಿತನವೆಂದು ಯಾರೂ ಬಗೆಯಬಾರದು.

ವಾಚಕರೇ, ಶರಣರು ಜನನಸೂತಕವನ್ನೂ ರಜಸ್ಸೂತಕವನ್ನೂ ನಿರಾಕರಿಸಿದರು. ಹೆಣ್ಣಿನ ದೇಹಧರ್ಮದಲ್ಲಿ ಮೈಲಿಗೆಯಿಲ್ಲವೆಂದು ಸಾರಿದ ಪರಂಪರೆಯ ನಾವು, ಅದರ ನೋವನ್ನು ಕುರಿತು ಮಾತನಾಡಲು ನಾಚುವುದು ಸಲ್ಲದು. ದೃಷ್ಟಿಯಾದೀತೆಂದು ಮೂರು ತಿಂಗಳು ಬಸಿರನ್ನು ಊರಿಗೆ ಹೇಳದಿರಬಹುದು. ಗಂಡನಿಗೆ, ಅತ್ತೆಗೆ, ವೈದ್ಯರಿಗೆ ಹೇಳದಿರುವುದು ತರವಲ್ಲ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಸೊಸೆಯ ಕೈಗೆ ಒಂದು ಹಿಡಿ ಚುರುಮುರಿ ಕೊಡಿರಿ; ಒಮ್ಮೆಗೇ ಹೊಟ್ಟೆ ತುಂಬ ಉಣ್ಣೆಂದು ಒತ್ತಾಯಿಸದೆ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಉಣಲಿಕ್ಕಿರಿ; ಒಗ್ಗರಣೆಯ ಹೊಗೆಯಿಂದ ಅವಳನ್ನು ದೂರವಿಡಿರಿ. ವೈದ್ಯರು ಬರೆದುಕೊಟ್ಟ ಫೋಲಿಕ್ ಆಮ್ಲದ ಮಾತ್ರೆಯನ್ನು ತಪ್ಪಿಸದಿರಿ. ಅವರನ್ನು ಕೇಳದೆ ಅಂಗಡಿಯಿಂದ ಬೇರಾವ ಮಾತ್ರೆಯನ್ನೂ ತಂದು ನುಂಗಿಸದಿರಿ. ಕುಡಿದ ನೀರೂ ನಿಲ್ಲದಷ್ಟು ವಾಂತಿಯಾದರೆ, ಮೂತ್ರ ಕಡಿಮೆಯಾದರೆ, ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಎಂಟನೆಯ ತಿಂಗಳಿನಲ್ಲಿ ಗುರುವು ಹರಸುವ ಆ ಜೀವದ ಅಂಗಾಂಗಗಳು ಬಹುಮಟ್ಟಿಗೆ ಮೂರನೆಯ ತಿಂಗಳೊಳಗೇ ರೂಪುಗೊಂಡಿರುತ್ತವೆ. ಕಾಣುವ ಗರ್ಭಕ್ಕೆ ಸಲ್ಲಿಸುವ ಆದರವನ್ನು ಕಾಣದ ಗರ್ಭಕ್ಕೂ ಸಲ್ಲಿಸೋಣ. ಗೋಡೆಗೊರಗಿ ಕುಳಿತ ಆ ತಾಯಿಗೆ ನೀಡುವ ಒಂದು ಲೋಟ ನೀರೂ ದಾಸೋಹವೇ ಸರಿ.