ಎಮ್ಮೆ ಹಾಲು ಪುಡಿಯಾದ ಬಗೆ

ಆಹಾರ ತಯಾರಿಕೆಯ ಹೊಸ ತಂತ್ರಗಳೆಲ್ಲ ಪ್ರಯೋಗಾಲಯದಲ್ಲೇ ಹುಟ್ಟುತ್ತವೆ ಎಂಬುದು ಸಾಮಾನ್ಯ ನಂಬಿಕೆ. ಆದರೆ ಗುಜರಾತಿನ ಆಣಂದ್‌ನಲ್ಲಿ ಅಂಥದೊಂದು ತಂತ್ರ ಹುಟ್ಟಿದ್ದು ಮಾರಾಟವಾಗದೆ ಉಳಿದ ಹಾಲಿನಿಂದ.

ಖೇಡಾ ಜಿಲ್ಲೆಯ ಹೈನುಗಾರರು 1946ರಲ್ಲಿ ತಮ್ಮದೇ ಸಹಕಾರ ಸಂಘ ಕಟ್ಟಿಕೊಂಡು, ಕ್ರಮೇಣ ಮುಂಬಯಿಗೆ ಹಾಲು ಕಳಿಸತೊಡಗಿದರು. ತೊಡಕು ಎದುರಾದದ್ದು ಚಳಿಗಾಲದಲ್ಲಿ. ಬೇಸಿಗೆಗೆ ಹೋಲಿಸಿದರೆ ಚಳಿಗಾಲದಲ್ಲಿ ಅಲ್ಲಿನ ಎಮ್ಮೆಗಳು ಸುಮಾರು ಎರಡು ಪಟ್ಟು ಹಾಲು ಕರೆಯುತ್ತಿದ್ದವು. ಮುಂಬಯಿಯ ಬೇಡಿಕೆ ಮಾತ್ರ ಹಾಗೆ ಏರುತ್ತಿರಲಿಲ್ಲ. ಹೆಚ್ಚಿನ ಹಾಲನ್ನು ಸಂಘ ಒಲ್ಲೆನೆಂದರೆ ರೈತ ಮತ್ತೆ ದಲ್ಲಾಳಿ ಹೇಳಿದ ಬೆಲೆಗೆ ತಲೆಬಾಗಬೇಕಿತ್ತು. ಅದನ್ನು ತಪ್ಪಿಸಲೆಂದೇ ಸಂಘ ಹುಟ್ಟಿದ್ದು!

ಉಳಿದ ಹಾಲನ್ನು ಪುಡಿ ಮಾಡಿಟ್ಟುಕೊಳ್ಳುವುದೊಂದೇ ದಾರಿ. ಆದರೆ ಪುಡಿ ತಯಾರಿಸುವ ಯಂತ್ರಗಳು ರೂಪುಗೊಂಡಿದ್ದು ಹಸುವಿನ ಹಾಲಿಗೆ. ಅದರಲ್ಲಿ ಕೊಬ್ಬಿನಂಶ ಶೇ 4ರ ಆಸುಪಾಸು; ಎಮ್ಮೆ ಹಾಲಿನಲ್ಲಿ ಶೇ 7ರಷ್ಟು. ಇಷ್ಟು ಕೊಬ್ಬಿನ ಹಾಲು ಪುಡಿಯಾಗದು ಎಂದು ವಿದೇಶಿ ತಜ್ಞರು ತೀರ್ಪಿತ್ತರು. ಅವರ ದೇಶಗಳಲ್ಲಿ ಎಮ್ಮೆ ಹಾಲಿನ ಗೊಡವೆಯೇ ಇರಲಿಲ್ಲವಾದ್ದರಿಂದ ಪರೀಕ್ಷಿಸಿ ನೋಡುವ ಜರೂರೂ ಅವರಿಗಿರಲಿಲ್ಲ.

ಜರೂರು ಇದ್ದುದು ಆಣಂದ್‌ಗೆ. ಸಂಘದ ವ್ಯವಸ್ಥಾಪಕ ವರ್ಗೀಸ್ ಕುರಿಯನ್ ಓದಿದ್ದು ಎಂಜಿನಿಯರಿಂಗ್; ಹಾಲಿನ ಮರ್ಮ ಬಲ್ಲವರು ಅವರ ಗೆಳೆಯ ಹರಿಚಂದ್ ಮೇಘಾ ದಲಾಯಾ. ದಲಾಯಾ ಬಳಸಿದ್ದು ಬಣ್ಣ ಹೊಡೆಯುವ ಸ್ಪ್ರೇ ಗನ್ ಮತ್ತು ಗಾಳಿ ಕಾಯಿಸುವ ಒಂದು ಯಂತ್ರ, ಅಷ್ಟೆ. ಸ್ಪ್ರೇ ಗನ್ನಿನಿಂದ ಹೊಮ್ಮಿದ ಹಾಲಿನ ತುಂತುರಿಗೆ ಬಿಸಿಗಾಳಿ ತಾಗಿದಾಗ ನೀರು ಆರಿ ಪುಡಿ ಉದುರಿತು. ಹನಿ ಸಣ್ಣದಾದಷ್ಟೂ ಬೇಗ ಒಣಗುತ್ತದೆ ಎಂಬ ತತ್ವ ಹೊಸದೇನಲ್ಲ. ಅದನ್ನು ಎಮ್ಮೆ ಹಾಲಿನ ಮೇಲೆ ಮಾಡಿ ತೋರಿಸಿದ ಧೈರ್ಯವೇ ಹೊಸದು. ಯುನಿಸೆಫ್‌ನ ನೆರವೂ ದೊರೆತು, 1955ರ ಅಕ್ಟೋಬರ್ 31ರಂದು ಆಣಂದ್‌ನ ಹೊಸ ಡೇರಿಯನ್ನು ಪ್ರಧಾನಿ ಜವಾಹರಲಾಲ್ ನೆಹರೂ ಉದ್ಘಾಟಿಸಿದರು.

ಹಾಲು ಪುಡಿಯಾಯಿತೇನೋ ನಿಜ, ಅದನ್ನು ಎಳೆಗೂಸಿಗೆ ಕೊಡುವಂತಿರಲಿಲ್ಲ. ಎಮ್ಮೆ ಹಾಲು ಹೊಟ್ಟೆಯಲ್ಲಿ ಗಟ್ಟಿಯಾಗಿ ಒಡೆಯುತ್ತದೆ. ಜೊತೆಗೆ ಕೊಬ್ಬೂ ಅತಿ. ಭಾರತ ಆಗ ಶಿಶು ಆಹಾರದ ಡಬ್ಬಗಳನ್ನು ವಿದೇಶದಿಂದ ತರಿಸುತ್ತಿತ್ತು, ಅದೂ ವಿದೇಶಿ ವಿನಿಮಯದ ಬರಗಾಲದಲ್ಲಿ. ಪ್ರಯೋಗಾಲಯದ ಪಾತ್ರ ಆರಂಭವಾದದ್ದು ಇಲ್ಲಿ. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆರಂಭವಾಗಿದ್ದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಈ ಗಂಟು ಬಿಡಿಸಲು ಕೈಹಾಕಿತು. ಕೊಬ್ಬನ್ನು ಇಳಿಸಿ, ಹಾಲು ಮೃದುವಾಗಿ ಒಡೆಯುವಂತೆ ಮಾಡಿ, ಜೀವಸತ್ವಗಳನ್ನು ಬೆರೆಸಿ ವಿಜ್ಞಾನಿಗಳು ಶಿಶು ಆಹಾರ ತಯಾರಿಸುವ ವಿಧಾನ ರೂಪಿಸಿದರು.

ಮೈಸೂರಿನ ವಿಧಾನಕ್ಕೆ ಬೇಕಾದ ಹಾಲು ಮತ್ತು ಯಂತ್ರಗಳು ಆಣಂದ್‌ನಲ್ಲಿದ್ದವು. 1960ರ ದಶಕದ ಆರಂಭದ ಹೊತ್ತಿಗೆ ಖೇಡಾದ ಎಮ್ಮೆ ಹಾಲು ಅಮುಲ್ ಶಿಶು ಆಹಾರದ ಡಬ್ಬ ಸೇರಿ ಅಂಗಡಿಗಳಿಗೆ ಬಂದಿತ್ತು.