ಕನ್ನಡಕ್ಕೊಬ್ಬನೇ ಕೈಲಾಸಂ – ಏಕೆ?

ಕಳೆದ ರಾಜ್ಯೋತ್ಸವದ ದಿನ ನಮ್ಮ ಸಂಘದ ಮಕ್ಕಳು 'ಟೊಳ್ಳುಗಟ್ಟಿ' ನಾಟಕದ ಒಂದು ಭಾಗವನ್ನು ಆಡಿದರು. ಕನ್ನಡ ಪುಸ್ತಕ ಓದಲು ತಡವರಿಸುವ ನನ್ನ ಮಗಳೂ ಅದರಲ್ಲಿ ಸಣ್ಣ ಪಾತ್ರ ವಹಿಸಿದ್ದಳು. ಮನೆಗೆ ಹಿಂತಿರುಗುವಾಗ ಬಸ್ಸಿನಲ್ಲಿ ಕೇಳಿದಳು: "ಅಪ್ಪಾ, ಭಾಷಣದಲ್ಲಿ ಕನ್ನಡಕ್ಕೊಬ್ಬನೇ ಕೈಲಾಸಂ ಅಂದರಲ್ಲ, ಯಾಕೆ? ಬೇರೆ ಯಾರೂ ನಾಟಕ ಬರೆದಿಲ್ಲವಾ?"

ನಾನು ಬಿ.ಎಸ್ಸಿ. ಓದಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವವನು, ಸಾಹಿತ್ಯದ ಪಂಡಿತನಲ್ಲ. ಆ ಹೊತ್ತಿಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಓದಿ, ಯೋಚಿಸಿ ಕಂಡುಕೊಂಡದ್ದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ಮಗಳ ಪ್ರಶ್ನೆ ನ್ಯಾಯವಾದದ್ದೇ. ಕನ್ನಡದಲ್ಲಿ ನಾಟಕಕಾರರಿಗೆ ಬರವಿಲ್ಲ. ಮೈಸೂರು ಅರಸರ ಚರಿತ್ರೆಯನ್ನು ಗಂಭೀರವಾದ ಹಳೆಯ ನುಡಿಯಲ್ಲಿ ರಂಗಕ್ಕೆ ತಂದ ಸಂಸರಿದ್ದರು. ಧಾರವಾಡದ ಕಡೆಯ ಶ್ರೀರಂಗರು ಸಮಾಜದ ಹುಳುಕುಗಳನ್ನು ಬಿಡಿಸಿಟ್ಟರು. 'ತುಘಲಕ್' ಬರೆದ ಗಿರೀಶ ಕಾರ್ನಾಡರಿಗೆ 1998ರಲ್ಲಿ ಜ್ಞಾನಪೀಠ ಬಂತು. ಕೈಲಾಸಂ ಅವರ ಕನ್ನಡ ನಾಟಕಗಳಲ್ಲಿ ಹಲವು ಒಂದು ಗಂಟೆಯೊಳಗೆ ಆಡಿ ಮುಗಿಸುವಂಥವು. ಹೀಗಿದ್ದೂ "ಒಬ್ಬನೇ" ಎಂಬ ಮಾತು ಅವರಿಗೇ ಏಕೆ ಅಂಟಿಕೊಂಡಿತು?

ಇದಕ್ಕೆ ಅವರ ಹಿಂದಿನ ರಂಗಭೂಮಿಯನ್ನು ನೆನೆಯಬೇಕು. ಅಂದು ನಾಟಕವೆಂದರೆ ಕಂಪನಿ ನಾಟಕ: ರಾತ್ರಿಯೆಲ್ಲ ನಡೆಯುವ ಪುರಾಣ ಪ್ರಸಂಗ, ಝಗಝಗಿಸುವ ಪರದೆ, ಮಾತಿಗೊಂದು ಹಾಡು. ಗುಬ್ಬಿ ಕಂಪನಿಯಂಥ ಮಂಡಳಿಗಳು ಮಾಡಿದ ಸೇವೆ ಸಾಮಾನ್ಯವಲ್ಲ. ಆದರೆ ರಂಗದ ಮೇಲಿನ ರಾಜ ಆಡುತ್ತಿದ್ದ ಕನ್ನಡವನ್ನು ಯಾರ ಮನೆಯಲ್ಲೂ ಆಡುತ್ತಿರಲಿಲ್ಲ. ಷೇಕ್ಸ್‌ಪಿಯರನ ನಾಟಕಗಳು 19ನೇ ಶತಮಾನದ ಕೊನೆಗೇ ಕನ್ನಡಕ್ಕೆ ಬಂದಿದ್ದವು. ಆ ಪಾತ್ರಗಳಿಗೂ ಇಲ್ಲಿ ರಾಜರಾಣಿಯರ ಹೆಸರು, ಗ್ರಾಂಥಿಕ ಮಾತು.

ಇಂಥ ಕಾಲದಲ್ಲಿ, 1918ರ ಸುಮಾರಿಗೆ, 'ಟೊಳ್ಳುಗಟ್ಟಿ' ಬಂತು. ಬರೆದವರು ಭೂವಿಜ್ಞಾನಿ. ತ್ಯಾಗರಾಜ ಪರಮಶಿವ ಕೈಲಾಸಂ ಓದಿದ್ದು ನಮ್ಮ ಇದೇ ಊರಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ. ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್‌ನಲ್ಲಿ. ಅಲ್ಲಿ ಕಲ್ಲು ಮಣ್ಣಿನ ವಿದ್ಯೆಯ ಜೊತೆಗೆ ಇಬ್ಸನ್, ಷಾ ಅವರ ಹೊಸ ನಾಟಕಗಳ ಗಾಳಿಯೂ ಅವರಿಗೆ ಬೀಸಿತು. ಹಿಂತಿರುಗಿ ಮೈಸೂರು ಸರ್ಕಾರದ ಭೂಗರ್ಭ ಇಲಾಖೆಯಲ್ಲಿ ಕೆಲವು ವರ್ಷ ದುಡಿದು ಕೆಲಸ ಬಿಟ್ಟರು. ಅವರ ಮನೆಮಾತು ತಮಿಳು ಎಂಬುದನ್ನು ನಾವು ಚೆನ್ನೈ ಕನ್ನಡಿಗರು ವಿಶೇಷವಾಗಿ ಗಮನಿಸಬೇಕು.

'ಟೊಳ್ಳುಗಟ್ಟಿ'ಯಲ್ಲಿ ರಾಜನಿಲ್ಲ, ರಾಕ್ಷಸನಿಲ್ಲ. ಒಂದು ಮಧ್ಯಮ ವರ್ಗದ ಮನೆ. ಪರೀಕ್ಷೆಯಲ್ಲಿ ಹೆಸರು ಮಾಡುವ ಮಗ ಪುಟ್ಟು, ಓದಿನಲ್ಲಿ ಹಿಂದೆ ಬಿದ್ದ ಮಗ ಮಾಧು, ಅಂಕವನ್ನೇ ಯೋಗ್ಯತೆಯೆಂದು ನಂಬಿದ ಅಪ್ಪ. ಮನೆಗೆ ಕಷ್ಟ ಬಂದಾಗ ಯಾರು ಟೊಳ್ಳು, ಯಾರು ಗಟ್ಟಿ ಎಂದು ತಿಳಿಯುತ್ತದೆ. ಅದನ್ನು ನೋಡುತ್ತಿದ್ದಾಗ, ಹಿಂದಿನ ವಾರವಷ್ಟೇ ಮಗಳ ಗಣಿತದ ಅಂಕಕ್ಕೆ ರೇಗಾಡಿದ್ದ ನನಗೆ ಕುರ್ಚಿಯಲ್ಲಿ ಇರುಸುಮುರುಸಾಯಿತು. ನೂರು ವರ್ಷ ದಾಟಿದ ನಾಟಕ ನೇರವಾಗಿ ನಮ್ಮ ಮನೆಯ ವಿಷಯಕ್ಕೇ ಬಂದಿತ್ತು! 'ಬಹಿಷ್ಕಾರ'ದಲ್ಲಿ ಜಾತಿಕಟ್ಟಿನ ಕ್ರೌರ್ಯ, 'ಪೋಲಿ ಕಿಟ್ಟಿ'ಯಲ್ಲಿ ಪೋಲಿಯೆನಿಸಿಕೊಂಡ ಹುಡುಗನ ಒಳ್ಳೆಯತನ, 'ಬಂಡ್ವಾಳ್ವಿಲ್ಲದ ಬಡಾಯಿ'ಯಲ್ಲಿ ಜಂಬದ ವಕೀಲ – ಎಲ್ಲವೂ ನಾವು ಕಂಡ ಜನವೇ. ನಗಿಸುತ್ತ ನಗಿಸುತ್ತಲೇ ಚುಚ್ಚುವುದು ಅವರ ರೀತಿ.

ಇದಕ್ಕಿಂತ ದೊಡ್ಡದು ಭಾಷೆ. ಕೈಲಾಸಂ ತಾವೇ ಕುಳಿತು ಬರೆದದ್ದಕ್ಕಿಂತ ಬಾಯಲ್ಲಿ ಹೇಳಿ ಸ್ನೇಹಿತರಿಂದ ಬರೆಸಿದ್ದೇ ಹೆಚ್ಚು. ಆದ್ದರಿಂದ ಅವರ ಪಾತ್ರಗಳು ಅಕ್ಷರದಲ್ಲಿ ಹುಟ್ಟಿದವಲ್ಲ, ನಾಲಿಗೆಯಲ್ಲಿ ಹುಟ್ಟಿದವು. ಬೆಂಗಳೂರು ಮೈಸೂರಿನ ಮನೆಗಳ ಅರ್ಧ ಇಂಗ್ಲಿಷ್ ಬೆರೆತ ಮಾತು ಹಾಗೆಯೇ ರಂಗಕ್ಕೆ ಬಂತು. ಇದು ಬೆರಕೆ ಭಾಷೆ ಎಂದು ಮೂಗು ಮುರಿದವರೂ ಉಂಟು. ಆದರೆ ಕೊಂಚ ಗಮನಿಸಿದರೆ ಒಂದು ಗುಟ್ಟು ತಿಳಿಯುತ್ತದೆ. ಇಂಗ್ಲಿಷ್ ಪದ ಎಷ್ಟೇ ಬರಲಿ, ವಾಕ್ಯದ ಬೆನ್ನುಮೂಳೆ ಕನ್ನಡದ್ದೇ. ಕ್ರಿಯಾಪದ, ವಿಭಕ್ತಿ, ಸಂಬಂಧವಾಚಕ ಎಲ್ಲವೂ ಕನ್ನಡ. ಇಂಗ್ಲಿಷ್ ಸಿಪಾಯಿಗಳ 'ಟಿಪರರಿ' ಹಾಡಿನ ಧಾಟಿಯೂ ಅವರ ಕೈಯಲ್ಲಿ ನಮ್ಮ 'ತಿಪ್ಪಾರಹಳ್ಳಿ'ಯಾಯಿತು. ಹೊರಗಿನದನ್ನು ಕನ್ನಡದ ಒಳಗೆ ಕರೆತಂದರೇ ಹೊರತು ಕನ್ನಡವನ್ನು ಹೊರಗೆ ಕಳುಹಿಸಲಿಲ್ಲ.

ಕೊರತೆಗಳನ್ನೂ ಹೇಳಬೇಕು. ಅವರ ಕನ್ನಡ ನಾಟಕಗಳ ಲೋಕ ಬಹುಮಟ್ಟಿಗೆ ಹಳೆಯ ಮೈಸೂರಿನ ಬ್ರಾಹ್ಮಣ ಮನೆಗಳ ಲೋಕ. ಉತ್ತರ ಕರ್ನಾಟಕದ ಮಾತಾಗಲಿ ರೈತನ ಬದುಕಾಗಲಿ ಅಲ್ಲಿ ಹೆಚ್ಚು ಸಿಗದು. ಏಕಲವ್ಯ, ಕರ್ಣರಂಥ ಧೀರರ ದುರಂತವನ್ನು ಅವರು ಬರೆದದ್ದು ಇಂಗ್ಲಿಷಿನಲ್ಲಿ. ಆಳದಲ್ಲಿ ಅವರನ್ನು ಮೀರಿಸಿದ ನಾಟಕಗಳು ಕನ್ನಡದಲ್ಲಿ ಬಂದಿವೆ ಎಂದರೆ ಅವರಿಗೆ ಅಗೌರವವಾಗದು. ಆದರೂ ಜನ ಮಾತಾಡುವಂತೆಯೇ ನಾಟಕದ ಪಾತ್ರವೂ ಮಾತಾಡಬಹುದು ಎಂಬ ಧೈರ್ಯವನ್ನು ಮುಂದಿನವರಿಗೆ ಕೊಟ್ಟವರು ಅವರು. ಅರಮನೆಯ ಪರದೆ ಬೇಡ, ನಾಲ್ಕು ಕುರ್ಚಿ ಸಾಕು ಎಂದಾದ ಮೇಲೆ ಕಚೇರಿ ಗುಮಾಸ್ತರೂ ವಿದ್ಯಾರ್ಥಿಗಳೂ ಬಣ್ಣ ಹಚ್ಚಿದರು. ಪರಊರಿನ ನಮ್ಮಂಥ ಸಂಘಗಳಲ್ಲಿ ನಾಟಕವೆಂಬುದು ನಡೆಯುತ್ತಿದ್ದರೆ ಅದರಲ್ಲಿ ಅವರ ಋಣವಿದೆ. "ಒಬ್ಬನೇ" ಎಂಬ ಮಾತಿಗೆ ನಾನು ಕಂಡುಕೊಂಡ ಅರ್ಥ ಇದು.

1945ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಮದರಾಸಿನಲ್ಲಿ ಸೇರಿದಾಗ ಅಧ್ಯಕ್ಷ ಪೀಠದಲ್ಲಿದ್ದವರು ಕೈಲಾಸಂ. ತಮಿಳು ಮನೆಮಾತಿನ ಕನ್ನಡ ನಾಟಕಕಾರ, ತಾನು ಕಾಲೇಜು ಕಲಿತ ತಮಿಳು ನಾಡಿನ ಊರಿನಲ್ಲೇ, ಕನ್ನಡದ ಅತಿ ದೊಡ್ಡ ಗೌರವ ಪಡೆದರು. ಮರುವರ್ಷ, 1946ರಲ್ಲಿ, ತೀರಿಕೊಂಡರು.

ನಮ್ಮ ಮಕ್ಕಳು "ಹೇಳು" ಎನ್ನಬೇಕಾದಲ್ಲಿ "ಸೊಲ್ಲು" ಎನ್ನುತ್ತಾರೆ, ನಾವು ಗದರುತ್ತೇವೆ. ಗದರಿದ ಮೇಲೆ ಅವರು ಇಂಗ್ಲಿಷಿಗೆ ಹೊರಳಿ ಸುಮ್ಮನಾಗುತ್ತಾರೆ. ಕೈಲಾಸಂ ಓದಿದ ಮೇಲೆ ನನಗನ್ನಿಸಿದ್ದು: ಬೆರೆಯುವುದು ಬೇರೆ, ಮರೆಯುವುದು ಬೇರೆ. ಮನೆಯಲ್ಲಿ ಮಾತು ನಿಂತಾಗಲೇ ಭಾಷೆ ಟೊಳ್ಳಾಗುವುದು. ಈಗ ಗದರುವುದನ್ನು ಬಿಟ್ಟಿದ್ದೇನೆ. ಭಾನುವಾರ ಸಂಜೆ ಊಟಕ್ಕೆ ಮುಂಚೆ ಅಪ್ಪ, ಅಮ್ಮ, ಮಗಳು ಒಂದೊಂದು ಪಾತ್ರ ಹಂಚಿಕೊಂಡು ನಾಟಕ ಓದುತ್ತೇವೆ. ಮಗಳು ಇನ್ನೂ ಒತ್ತಕ್ಷರಗಳಲ್ಲಿ ತಡವರಿಸುತ್ತಾಳೆ. ಆದರೆ ನಗಬೇಕಾದ ಕಡೆ ನಮಗಿಂತ ಮೊದಲು ನಗುವವಳು ಅವಳೇ.